ಮೊಟ್ಟೆಯೊಳಗಿನ ಇಪ್ಪತ್ತೊಂದು ದಿನ

ಒಂದು ಕೋಳಿಮೊಟ್ಟೆಯನ್ನು ಬಟ್ಟಲಿಗೆ ಒಡೆದು ಹಾಕಿ. ಅದು ಆಮ್ಲೆಟ್ ಆಗುವ ಮೊದಲು ಒಂದು ನಿಮಿಷ ಬಗ್ಗಿ ನೋಡಿ. ಹಳದಿಯ ಎರಡು ಬದಿಯಲ್ಲೂ ಬೆಳ್ಳಗೆ, ತಿರುಚಿದ ದಾರದಂಥದ್ದು ಅಂಟಿಕೊಂಡಿರುತ್ತದೆ. "ಇದೇ ಮರಿಯಾಗೋದು" ಎಂದು ಎಷ್ಟೋ ಮನೆಗಳಲ್ಲಿ ಅದನ್ನು ಚಮಚದಲ್ಲಿ ಎತ್ತಿ ಬಿಸಾಡುತ್ತಾರೆ. ಪಾಪ, ಅದಕ್ಕೂ ಮರಿಗೂ ಸಂಬಂಧವೇ ಇಲ್ಲ. ಹಳದಿ ಅತ್ತಿತ್ತ ಸರಿದು ಚಿಪ್ಪಿಗೆ ತಾಗದಂತೆ ನಡುವೆ ಹಿಡಿದಿಡುವ ಹುರಿ ಅದು. ಮರಿಯಾಗಬಲ್ಲ ಜಾಗ ಬೇರೆ ಇದೆ. ಹಳದಿಯ ಮೇಲೆ ಕೆಲವೇ ಮಿಲಿಮೀಟರ್ ಅಗಲದ ಮಂಕು ಬಿಳಿ ಚುಕ್ಕೆಯೊಂದು ಕಾಣುತ್ತದೆಯೇ? ಕಾಣದಿದ್ದರೆ ಹಳದಿಯನ್ನು ಮೆಲ್ಲಗೆ ಹೊರಳಿಸಿ. ಅದೇ.

ಹೆದರಬೇಡಿ, ಅಂಗಡಿಯಿಂದ ತಂದ ಮೊಟ್ಟೆಯಲ್ಲಿ ಆ ಚುಕ್ಕೆ ಎಂದೂ ಮರಿಯಾಗುವುದಿಲ್ಲ. ಮೊಟ್ಟೆಗೆಂದೇ ಕೋಳಿ ಸಾಕುವ ಫಾರಂಗಳಲ್ಲಿ ಹುಂಜಗಳೇ ಇರುವುದಿಲ್ಲ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಆದರೆ ಮರಿಯಾಗಬೇಕಾದರೆ ಹೇಂಟೆಯ ಅಂಡಾಣುವಿಗೆ ಹುಂಜದ ವೀರ್ಯಾಣು ಸೇರಬೇಕು. ನಾಟಿ ಕೋಳಿ, ಜವಾರಿ ಕೋಳಿ, ಊರಕೋಳಿ ಎಂದು ನಿಮ್ಮ ನಿಮ್ಮ ಕಡೆ ಏನೆಂದು ಕರೆಯುತ್ತೀರೋ, ಆ ಹಿತ್ತಲ ಕೋಳಿಯ ಮೊಟ್ಟೆಯಲ್ಲಿ ಹೀಗೆ ಸೇರಿರುವುದೇ ಹೆಚ್ಚು. ನಾವು ಮಾತಾಡಹೊರಟಿರುವುದು ಆ ಮೊಟ್ಟೆಯ ವಿಷಯ.

ಮೊಟ್ಟೆ ಇಟ್ಟ ದಿನವೇ ಮರಿಯ ಕತೆ ಶುರುವಾಗುತ್ತದೆ ಎಂದು ನಮಗನ್ನಿಸುತ್ತದೆ. ನಿಜಕ್ಕೂ ಅದು ಒಂದು ದಿನ ಮೊದಲೇ ಶುರುವಾಗಿರುತ್ತದೆ. ಹೇಂಟೆಯ ಹೊಟ್ಟೆಯೊಳಗೆ ಅಂಡಾಶಯದಿಂದ ಮೊದಲು ಬಿಡುಗಡೆಯಾಗುವುದು ಬರೀ ಹಳದಿ. ಅದು ಉದ್ದನೆಯ ನಾಳದಲ್ಲಿ ಸಾಗುತ್ತಾ ಸಾಗುತ್ತಾ ಸುತ್ತ ಬಿಳಿ ಲೋಳೆ ಕೂಡಿಕೊಳ್ಳುತ್ತದೆ, ಅದರ ಮೇಲೆ ತೆಳುವಾದ ಎರಡು ಪೊರೆ, ಕಟ್ಟಕಡೆಗೆ ಸುಣ್ಣದ ಚಿಪ್ಪು. ಇಡೀ ಪಯಣಕ್ಕೆ ಸುಮಾರು 25 ಗಂಟೆ ಬೇಕು. ಅದರಲ್ಲಿ ಚಿಪ್ಪು ಕಟ್ಟುವುದಕ್ಕೇ 20 ಗಂಟೆ ಹೋಗುತ್ತದೆ. ಈ ಹೊತ್ತಿನಲ್ಲಿ ಹಳದಿಯ ಮೇಲಿನ ಒಂದೇ ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಒಡೆಯುತ್ತಲೇ ಇರುತ್ತದೆ. ಹೇಂಟೆ ಮೊಟ್ಟೆಯಿಟ್ಟು ಕೊಕ್ಕೊಕ್ಕೋ ಎಂದು ಊರಿಗೆಲ್ಲ ಸಾರುವಾಗ ಆ ಚುಕ್ಕೆಯಲ್ಲಿ ಆಗಲೇ ಹತ್ತಾರು ಸಾವಿರ ಕೋಶಗಳಿರುತ್ತವೆ.

ಆಮೇಲೆ ಕೆಲಸ ನಿಂತುಬಿಡುತ್ತದೆ. ಮೊಟ್ಟೆ ತಣ್ಣಗಾದೊಡನೆ ಕೋಶಗಳು ಒಡೆಯುವುದು ನಿಲ್ಲುತ್ತದೆ, ಆದರೆ ಅವು ಸಾಯುವುದಿಲ್ಲ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಜಾಗದಲ್ಲಿ ಒಂದು ವಾರವಾದರೂ ಹಾಗೇ ಸುಮ್ಮನೆ ಕಾದಿರುತ್ತವೆ. ಇದರಿಂದ ಏನು ಲಾಭ ಗೊತ್ತೇ? ಹಿತ್ತಲ ಹೇಂಟೆ ಒಂದೇ ದಿನ ಹತ್ತು ಹನ್ನೆರಡು ಮೊಟ್ಟೆ ಇಡಲಾರದು. ದಿನಕ್ಕೊಂದೋ ಎರಡು ದಿನಕ್ಕೊಂದೋ ಇಡುತ್ತದೆ. ಇಟ್ಟಿಟ್ಟ ಹಾಗೆ ಒಂದೊಂದೇ ಬೆಳೆಯತೊಡಗಿದ್ದರೆ ಮರಿಗಳೂ ಒಂದೊಂದು ದಿನ ಒಂದೊಂದು ಹೊರಬರುತ್ತಿದ್ದವು. ಮೊದಲ ಮರಿ ಅಂಗಳದಲ್ಲಿ ಓಡುತ್ತಿರುವಾಗ ಕಡೆಯ ಮೊಟ್ಟೆಗೆ ಕಾವು ಕೊಡುವವರು ಯಾರು? ಹಾಗಾಗಿ ಮೊದಲಿನವು ಕಾಯುತ್ತವೆ. ತಾಯಿ ಕಾವಿಗೆ ಕೂತ ದಿನ ಎಲ್ಲವೂ ಒಟ್ಟಿಗೆ ಹೊರಡುತ್ತವೆ.

ಕಡುಬೇಸಿಗೆಯಲ್ಲಿ ಈ ಲೆಕ್ಕ ತಪ್ಪುವುದುಂಟು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದಲ್ಲ, ಆಗ ಯಾರೂ ಕಾವು ಕೊಡದಿದ್ದರೂ ಆ ಸೆಕೆಗೇ ಕೋಶಗಳು ಅರೆಬರೆ ಬೆಳೆಯತೊಡಗಿ ನಡುದಾರಿಯಲ್ಲಿ ಸತ್ತುಹೋಗುತ್ತವೆ. ಬೇಸಿಗೆಯ ಮೊಟ್ಟೆಯನ್ನು ಕೂಡಿಸಿಟ್ಟು ಕಾವಿಗೆ ಇಟ್ಟರೆ ಮರಿ ಕಡಿಮೆಯಾಗಲು ಇದೂ ಒಂದು ಕಾರಣ.

ಸರಿಯಾದ ಕಾವು ಎಂದರೆ ಸುಮಾರು ಮೂವತ್ತೇಳೂವರೆ ಡಿಗ್ರಿ. ಹೆಚ್ಚುಕಡಿಮೆ ನಮ್ಮ ಮೈಯ ಬಿಸಿಯಷ್ಟೇ. ಕೋಳಿಯ ಮೈ ನಮ್ಮದಕ್ಕಿಂತ ಬಿಸಿ, 41 ಡಿಗ್ರಿಯ ಆಸುಪಾಸು. ಆದರೆ ಮೈತುಂಬ ಪುಕ್ಕ ಇದ್ದರೆ ಆ ಬಿಸಿ ಮೊಟ್ಟೆಗೆ ತಲುಪುವುದು ಹೇಗೆ? ಅದಕ್ಕೇ ಕಾವಿಗೆ ಕೂರುವ ಹೇಂಟೆಯ ಹೊಟ್ಟೆಯ ಕೆಳಭಾಗದಲ್ಲಿ ಪುಕ್ಕ ಉದುರಿ ಚರ್ಮ ಬೋಳಾಗುತ್ತದೆ. ಅಲ್ಲಿ ರಕ್ತದ ಓಡಾಟವೂ ಹೆಚ್ಚುತ್ತದೆ. ಬೋಳು ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತದೆ. ಕೂತ ಕೋಳಿ ಸುಮ್ಮನೆ ಕೂತಿರುತ್ತದೆ ಎಂದುಕೊಳ್ಳಬೇಡಿ. ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತಿರುತ್ತದೆ. ಹೊರಳಿಸದಿದ್ದರೆ ಬೆಳೆಯುವ ಮರಿ ಒಳಪೊರೆಗೆ ಅಂಟಿಕೊಂಡುಬಿಡುತ್ತದೆ.

ಬಿಸಿ ಸಿಕ್ಕರೆ ಸಾಕು, ಅದು ಕೋಳಿಯಿಂದಲೇ ಬರಬೇಕೆಂದಿಲ್ಲ. ಈಜಿಪ್ಟಿನವರು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಮಣ್ಣಿನ ಇಟ್ಟಿಗೆಯ ಗೂಡು ಕಟ್ಟಿ, ಹದವಾದ ಬೆಂಕಿ ಹಾಕಿ ಸಾವಿರಗಟ್ಟಲೆ ಮರಿ ಮಾಡಿಸುತ್ತಿದ್ದರು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಮರಿಗಳು ನಿಮ್ಮೂರಿಗೆ ಬಂದಿದ್ದರೆ ಅವೂ ತಾಯಿಯ ಕಾವು ಕಂಡವಲ್ಲ, ಯಂತ್ರದ ಕಾವಿನಲ್ಲಿ ಹುಟ್ಟಿದವು. ಯಂತ್ರದಲ್ಲೂ ತಟ್ಟೆಗಳು ಗಂಟೆಗೊಮ್ಮೆ ಅತ್ತ ಒಮ್ಮೆ ಇತ್ತ ಒಮ್ಮೆ ವಾಲುತ್ತವೆ. ಅದನ್ನು ಮನುಷ್ಯರಿಗೆ ಕಲಿಸಿದ್ದು ಹೇಂಟೆಯೇ ಅನ್ನಿ.

ಈಗ ಒಳಗೆ ಹೋಗೋಣ.

ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಗ್ರೀಸ್ ದೇಶದಲ್ಲಿ ಅರಿಸ್ಟಾಟಲ್ ಎಂಬ ಪಂಡಿತನಿದ್ದ. ಮರಿ ಹೇಗೆ ಬೆಳೆಯುತ್ತದೆಂದು ತಿಳಿಯಲು ಆತ ಹಿಡಿದ ದಾರಿ ಬಹಳ ಸರಳವಾದದ್ದು: ಬೇರೆ ಬೇರೆ ದಿನದ ಕಾವು ಕಂಡ ಮೊಟ್ಟೆಗಳನ್ನು ಒಡೆದು ನೋಡುವುದು. ಮೂರು ದಿನ ಕಳೆದ ಮೊಟ್ಟೆಯಲ್ಲಿ ರಕ್ತದ ಒಂದು ಸಣ್ಣ ಚುಕ್ಕೆ ಮಿಡಿಯುತ್ತಿತ್ತು. ಅದೇ ಹೃದಯ ಎಂದು ಬರೆದಿಟ್ಟ. ಬರಿಗಣ್ಣಿಗೆ ಇದಕ್ಕಿಂತ ಹೆಚ್ಚು ಕಾಣುವುದು ಕಷ್ಟ. 1670ರ ದಶಕದಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಸೂಕ್ಷ್ಮದರ್ಶಕ ಹಿಡಿದು ನೋಡಿ, ಇನ್ನೂ ಮೊದಲಿನ ದಿನಗಳ ಚಿತ್ರ ಬಿಡಿಸಿದ. ಹೃದಯ ಮಿಡಿಯಲು ಮೂರು ದಿನವೇ ಬೇಕಿಲ್ಲ ಎಂದು ಈಗ ಗೊತ್ತು. ಕಾವು ಶುರುವಾಗಿ ಒಂದೂವರೆ ದಿನ ಆಗುವಷ್ಟರಲ್ಲಿ ಅದು ಮೊದಲ ಸಲ ಮಿಡಿಯುತ್ತದೆ. ಆಗ ಮರಿಗೆ ಕಾಲಿಲ್ಲ, ರೆಕ್ಕೆಯಿಲ್ಲ, ಕೊಕ್ಕಿಲ್ಲ. ಹೃದಯ ಎನ್ನುವುದೂ ಒಂದು ಚಿಕ್ಕ ಕೊಳವೆ ಮಾತ್ರ.

ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಜಗಳವಾಡುತ್ತಿದ್ದ ಪ್ರಶ್ನೆಯೊಂದಿದೆ. ಮೊಟ್ಟೆಯೊಳಗೆ ಕೊಕ್ಕು, ಕಾಲು, ಪುಕ್ಕ ಎಲ್ಲ ಇರುವ ಅತಿ ಸಣ್ಣ ಮರಿ ಮೊದಲೇ ಕೂತಿದ್ದು, ಕಾವು ಕೊಟ್ಟಾಗ ಬರೀ ದೊಡ್ಡದಾಗುತ್ತದೆಯೇ? ಅಥವಾ ಇಲ್ಲದ್ದು ಹೊಸದಾಗಿ ಆಗುತ್ತದೆಯೇ? ಜರ್ಮನಿಯ ಕಾಸ್ಪರ್ ವುಲ್ಫ್ 1759ರಲ್ಲಿ ಎರಡನೆಯದೇ ಸರಿ ಎಂದ. ಆಗ ಅವನ ಮಾತು ಹೆಚ್ಚು ಜನಕ್ಕೆ ಹಿಡಿಸಲಿಲ್ಲ. ಆದರೆ ಮೊಟ್ಟೆ ಅವನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಶುರುವಿನಲ್ಲಿ ಇರುವುದು ಮರಿಯಲ್ಲ, ಹಳದಿಯ ಮೇಲೆ ಹಾಸಿದ ತೆಳ್ಳನೆಯ ಕೋಶಗಳ ಹಾಳೆ. ಮೊದಲ ದಿನ ಅದರ ನಡುವೆ ಒಂದು ಗೀರು ಮೂಡುತ್ತದೆ. ಆ ಗೀರಿನ ಮೂಲಕ ಕೋಶಗಳು ಒಳಗಿಳಿದು ಹಾಳೆ ಮೂರು ಪದರವಾಗುತ್ತದೆ. ಮೇಲಿನ ಪದರದಿಂದ ಚರ್ಮ, ಮಿದುಳು, ನರ. ನಡುವಿನದರಿಂದ ಮೂಳೆ, ಸ್ನಾಯು, ಹೃದಯ, ರಕ್ತ. ಕೆಳಗಿನದರಿಂದ ಕರುಳು, ಶ್ವಾಸಕೋಶಗಳ ಒಳಗೋಡೆ. ಈ ಮೂರು ಪದರಗಳನ್ನು 1817ರಲ್ಲಿ ಮೊದಲು ಗುರುತಿಸಿದ ಕ್ರಿಶ್ಚಿಯನ್ ಪಾಂಡರ್ ನೋಡಿದ್ದೂ ಕೋಳಿಮೊಟ್ಟೆಯಲ್ಲೇ. ನಿಮ್ಮ ನನ್ನ ಮೈಯೂ ಇದೇ ಮೂರು ಪದರದಿಂದ ಆಗಿದ್ದು.

ಚಪ್ಪಟೆ ಹಾಳೆ ಉಂಡೆಯಾದ ಮರಿಯಾಗುವುದು ಹೇಗೆ? ಮಡಚಿಕೊಂಡು. ಹಾಸಿದ ಚಾಪೆಯ ಎರಡಂಚನ್ನು ಎತ್ತಿ ಕೂಡಿಸಿದರೆ ಕೊಳವೆಯಾಗುವುದಿಲ್ಲವೇ, ಹಾಗೆ ಮೇಲಿನ ಪದರದ ಅಂಚುಗಳು ಎದ್ದು ಸೇರಿ ಬೆನ್ನುದ್ದಕ್ಕೂ ಒಂದು ಕೊಳವೆಯಾಗುತ್ತದೆ. ಅದರ ಮುಂದಿನ ತುದಿ ಉಬ್ಬಿದರೆ ಮಿದುಳು, ಉಳಿದದ್ದು ಬೆನ್ನುಹುರಿ. ಕೆಳಗಿನ ಪದರ ಹೀಗೆಯೇ ಮಡಚಿ ಕರುಳಾಗುತ್ತದೆ. ಹೃದಯದ ಕೊಳವೆ ಕೂಡ ಎಡಗಡೆಯದೊಂದು, ಬಲಗಡೆಯದೊಂದು ಬಂದು ನಡುವೆ ಕೂಡಿ ಒಂದಾದದ್ದು.

ಇದೇ ಹೊತ್ತಿಗೆ ಬೆನ್ನಿನ ಎರಡೂ ಪಕ್ಕ ಚಿಕ್ಕ ಚಿಕ್ಕ ಗಂಟುಗಳು ಜೋಡಿಜೋಡಿಯಾಗಿ ಏಳುತ್ತವೆ. ಇವೇ ಮುಂದೆ ಬೆನ್ನಿನ ಮೂಳೆ, ಪಕ್ಕೆಲುಬು, ಬೆನ್ನಿನ ಸ್ನಾಯು ಆಗುವುದು. ನನಗೆ ಇಡೀ ಮೊಟ್ಟೆಯಲ್ಲಿ ಅತಿ ಸೋಜಿಗದ್ದೆನಿಸುವುದು ಇದು: ಕೋಳಿಮರಿಯಲ್ಲಿ ಒಂದೊಂದು ಜೋಡಿ ಗಂಟು ಮೂಡಲು ಸರಿಸುಮಾರು 90 ನಿಮಿಷ ಹಿಡಿಯುತ್ತದೆ. ತಲೆಯ ಕಡೆಯಿಂದ ಬಾಲದ ಕಡೆಗೆ, ತೊಂಬತ್ತು ನಿಮಿಷಕ್ಕೊಂದು ಜೋಡಿ. ಕೋಶಗಳೊಳಗೆ ಒಂದು ಜೀನ್ ಅದೇ ತಾಳಕ್ಕೆ ಹತ್ತಿ ಆರುವುದನ್ನು 1997ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡುಹಿಡಿದರು. ಗಡಿಯಾರ ಇಲ್ಲದ ಕತ್ತಲಲ್ಲಿ ಅಷ್ಟು ಕರಾರುವಾಕ್ಕಾಗಿ ಹೊತ್ತು ಎಣಿಸುವುದೆಂದರೆ!

ಮೂರನೇ ದಿನ ರೆಕ್ಕೆ ಮತ್ತು ಕಾಲಿನ ಮೊಗ್ಗು ಕಾಣುತ್ತವೆ. ಆಗ ನೋಡಿದರೆ ಯಾವುದು ರೆಕ್ಕೆ ಯಾವುದು ಕಾಲು ಹೇಳಲಾಗುವುದಿಲ್ಲ. ಐದನೇ ದಿನಕ್ಕೆ ಕಪ್ಪು ಕಣ್ಣು ಎಷ್ಟು ದೊಡ್ಡದಾಗಿರುತ್ತದೆಂದರೆ ಮರಿ ಎಂದರೆ ಎರಡು ಕಣ್ಣು ಮತ್ತು ಅದಕ್ಕೆ ಅಂಟಿಕೊಂಡ ಒಂದಿಷ್ಟು ಮೈ ಎನ್ನಬಹುದು. ಒಂದು ವಾರಕ್ಕೆ ಕೊಕ್ಕು, ಆಮೇಲೆ ಪುಕ್ಕದ ಗುಳ್ಳೆಗಳು, ಎರಡನೇ ವಾರದ ಕೊನೆಗೆ ಕಾಲಿನ ಹುರುಪೆ, ಉಗುರು, ಮೈತುಂಬ ನವಿರು.

ಬೆರಳಿನ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮರಿಯ ಪಾದ ಮೊದಲು ಬೆರಳಿಲ್ಲದ ಹಲಗೆಯ ತುಂಡಾಗಿಯೇ ಇರುತ್ತದೆ. ಆಮೇಲೆ ಬೆರಳುಗಳ ನಡುವಿನ ಕೋಶಗಳು ತಾವಾಗಿಯೇ ಸತ್ತು ಜಾಗ ಬಿಡುತ್ತವೆ, ಬೆರಳು ಬೇರೆ ಬೇರೆಯಾಗುತ್ತವೆ. ಬಾತುಕೋಳಿಯಲ್ಲಿ ಆ ಕೋಶಗಳು ಹೆಚ್ಚಿನವು ಸಾಯುವುದಿಲ್ಲ. ಅದಕ್ಕೇ ಅದರ ಬೆರಳುಗಳ ನಡುವೆ ಪೊರೆ, ಅದಕ್ಕೇ ಅದಕ್ಕೆ ಈಜು. ನಿಮ್ಮ ಕೈಬೆರಳು ಬಿಡಿಬಿಡಿಯಾದದ್ದೂ ಕೋಳಿಯ ದಾರಿಯಲ್ಲೇ.

ಈಗ ನಿಮ್ಮಲ್ಲಿ ಜಾಣರಾದವರು ಕೇಳುತ್ತೀರಿ: ಸುತ್ತ ಚಿಪ್ಪು ಮುಚ್ಚಿದೆ, ಹೊರಗೆ ಬರುವ ದಾರಿಯಿಲ್ಲ. ಮರಿ ಊಟ ಏನು ಮಾಡುತ್ತದೆ? ಉಸಿರು? ಮತ್ತೆ... ಆ ಇನ್ನೊಂದು ಕೆಲಸ?

ಊಟದ ಗಂಟು ಹಳದಿ. ಹಳದಿ ಮರಿಯಾಗುವುದಿಲ್ಲ, ಮರಿಯ ಊಟವಾಗುತ್ತದೆ. ಎರಡನೇ ದಿನದಿಂದಲೇ ಸಣ್ಣ ರಕ್ತನಾಳಗಳು ಹಳದಿಯ ಮೇಲೆ ಹಬ್ಬತೊಡಗುತ್ತವೆ, ಒಂದು ಚೀಲ ಮೆಲ್ಲಗೆ ಹಳದಿಯನ್ನು ಸುತ್ತುವರಿಯುತ್ತದೆ. ಬೇಕಾದ್ದನ್ನು ಹೀರಿ ರಕ್ತ ಮರಿಗೆ ಸಾಗಿಸುತ್ತದೆ. ಬಿಳಿ ಲೋಳೆ ಮೊದಮೊದಲು ನೀರು ಒದಗಿಸುತ್ತದೆ. ಎರಡನೇ ವಾರ ಮುಗಿಯುವ ಹೊತ್ತಿಗೆ ಅದು ಮರಿ ತೇಲುತ್ತಿರುವ ನೀರಿನ ಚೀಲದೊಳಕ್ಕೇ ಬರುತ್ತದೆ, ಮರಿ ಬಾಯಿಂದ ಕುಡಿಯುತ್ತದೆ. ಮೂಳೆ ಗಟ್ಟಿಯಾಗಲು ಸುಣ್ಣದಂಶ ಬೇಕಲ್ಲ, ಅದರ ಬಹುಪಾಲು ಬರುವುದು ಚಿಪ್ಪಿನಿಂದ. ಮರಿ ಬಲವಾಗುತ್ತಾ ಹೋದ ಹಾಗೆ ಚಿಪ್ಪು ತೆಳುವಾಗುತ್ತಾ ಬರುತ್ತದೆ. ಹೊರಗೆ ಬರುವ ದಿನ ಒಡೆಯಲು ಅದು ಅನುಕೂಲವೂ ಆಯಿತು. ಮರಿ ತೇಲುವ ಆ ನೀರಿನ ಚೀಲಕ್ಕೂ ಒಂದು ಗುಣವಿದೆ. ಅದರ ಗೋಡೆಯ ಸ್ನಾಯುಗಳು ಆಗಾಗ ತಾವೇ ಸೆಳೆದು ಸಡಿಲಾಗಿ ಮರಿಯನ್ನು ತೂಗುತ್ತವೆ.

ಉಸಿರಿನ ದಾರಿ ಚಿಪ್ಪಿನಲ್ಲೇ ಇದೆ. ಕಣ್ಣಿಗೆ ಕಾಣದ ಸುಮಾರು ಹತ್ತು ಸಾವಿರ ರಂಧ್ರಗಳು ಒಂದು ಮೊಟ್ಟೆಯಲ್ಲಿರುತ್ತವೆ. ಮರಿಯ ಹೊಟ್ಟೆಯಿಂದ ಹೊರಟ ಇನ್ನೊಂದು ಚೀಲ ಬೆಳೆದು ಬೆಳೆದು ಚಿಪ್ಪಿನ ಒಳಗೋಡೆಗೆ ಪೂರ್ತಿ ಒತ್ತಿಕೊಳ್ಳುತ್ತದೆ. ಅದರ ತುಂಬ ರಕ್ತನಾಳ. ರಂಧ್ರದಿಂದ ಬಂದ ಆಮ್ಲಜನಕ ರಕ್ತಕ್ಕೆ, ರಕ್ತದ ಕಾರ್ಬನ್ ಡೈಆಕ್ಸೈಡ್ ಹೊರಕ್ಕೆ. ಅರವತ್ತು ಗ್ರಾಂ ತೂಗುವ ಒಂದು ಮೊಟ್ಟೆ ಇಪ್ಪತ್ತೊಂದು ದಿನದಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಎಳೆದುಕೊಂಡು ನಾಲ್ಕೂವರೆ ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತದೆ. ಜೊತೆಗೆ 11 ಲೀಟರ್ ನೀರಾವಿಯೂ ಹೋಗುತ್ತದೆ. ನೀರಾವಿ ಎಂದರೆ ಹಗುರ, ತೂಕದಲ್ಲಿ ಅದು ಒಂಬತ್ತು ಗ್ರಾಂ ಅಷ್ಟೆ. ಆ ನೀರು ಹೋದ ಜಾಗಕ್ಕೆ ಗಾಳಿ ಬಂದು ಮೊಟ್ಟೆಯ ಅಗಲ ತುದಿಯಲ್ಲಿ ಸೇರಿಕೊಳ್ಳುತ್ತದೆ. ಬೇಯಿಸಿದ ಮೊಟ್ಟೆ ಸುಲಿದಾಗ ಒಂದು ತುದಿ ಚಪ್ಪಟೆಯಾಗಿರುತ್ತದಲ್ಲ, ಅದು ಗಾಳಿಯ ಜಾಗದ ಗುರುತು. ಅದನ್ನು ನೆನಪಿಡಿ, ಇಪ್ಪತ್ತನೇ ದಿನ ಬೇಕಾಗುತ್ತದೆ.

ಇನ್ನು ಆ ಇನ್ನೊಂದು ಕೆಲಸ. ಅಮ್ಮನ ಹೊಟ್ಟೆಯಲ್ಲಿರುವ ಕೂಸಿನ ಕಶ್ಮಲವನ್ನು ಅಮ್ಮನ ರಕ್ತ ಒಯ್ದುಬಿಡುತ್ತದೆ. ಕೋಳಿಮರಿಗೆ ಆ ಅನುಕೂಲವಿಲ್ಲ, ಮಾಡಿದ್ದೆಲ್ಲ ಒಳಗೇ ಇರಬೇಕು. ನಮ್ಮಂತೆ ನೀರಲ್ಲಿ ಕರಗುವ ಮೂತ್ರವಾಗಿದ್ದರೆ ಅದು ಸುತ್ತಲ ನೀರಲ್ಲಿ ಬೆರೆತು ಮರಿಗೇ ವಿಷವಾಗುತ್ತಿತ್ತು. ಹಾಗಾಗಿ ಮರಿ ಹೆಚ್ಚಾಗಿ ಮಾಡುವುದು ಯೂರಿಕ್ ಆಮ್ಲ. ಅದು ನೀರಲ್ಲಿ ಹೆಚ್ಚು ಕರಗುವುದಿಲ್ಲ, ಬಿಳಿಯ ಸಣ್ಣ ಹರಳಾಗಿ ಉಸಿರಿನ ಚೀಲದೊಳಗೆ ತೆಪ್ಪಗೆ ಕೂತಿರುತ್ತದೆ. ಮರಿ ಹೋದ ಮೇಲೆ ಚಿಪ್ಪಿನೊಳಗೆ ಕಾಣುವ ಬಿಳಿ ಕಸ ಅದೇ. ಕಾಗೆ ನಿಮ್ಮ ಅಂಗಿಯ ಮೇಲೆ ಹಾಕುವುದರಲ್ಲಿ ಬೆಳ್ಳಗಿರುವುದೂ ಅದೇ.

ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಒಂದು ಚಿಕ್ಕ ಕಿಟಕಿ ಕತ್ತರಿಸಿ ಒಳಗಿನದನ್ನು ನೋಡಬಹುದಾದ್ದರಿಂದ ವಿಜ್ಞಾನಿಗಳಿಗೆ ಇದು ಬಲು ಅಚ್ಚುಮೆಚ್ಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ತೂರಿನ್ ಪಟ್ಟಣದಲ್ಲಿ ರೀಟಾ ಲೆವಿ ಮೊಂಟಾಲ್ಚೀನಿ ಎಂಬ ಯುವ ವೈದ್ಯೆ ಇದ್ದರು. ಯಹೂದಿ ಎಂಬ ಕಾರಣಕ್ಕೆ ಆಗಿನ ಸರ್ಕಾರದ ಕಾನೂನು ಅವರನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತ್ತು. ಅವರು ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಕೋಳಿಮೊಟ್ಟೆಯ ಮರಿಗಳಲ್ಲಿ ನರಗಳು ಹೇಗೆ ಬೆಳೆಯುತ್ತವೆ ಎಂದು ನೋಡುತ್ತಾ ಕೂತರು. ಆ ಕುತೂಹಲ ಕಡೆಗೆ ನರಗಳನ್ನು ಬೆಳೆಸುವ ವಸ್ತುವೊಂದರ ಶೋಧಕ್ಕೆ ದಾರಿಮಾಡಿತು. 1986ರಲ್ಲಿ ನೊಬೆಲ್ ಬಹುಮಾನ ಬಂತು.

ಮೂರನೇ ವಾರದಲ್ಲಿ ಮರಿಗೆ ಒಳಗೆ ಜಾಗ ಸಾಲದಾಗುತ್ತದೆ. ತಲೆಯನ್ನು ಗಾಳಿಯಿರುವ ಅಗಲ ತುದಿಯ ಕಡೆ ತಿರುಗಿಸಿಕೊಂಡು ಬಲರೆಕ್ಕೆಯ ಕೆಳಗೆ ಸೇರಿಸುತ್ತದೆ. ಹಾಗೆ ಮುದುರಿದಾಗ ಎಡಗಣ್ಣು ಮೈಗೆ ಒತ್ತಿಕೊಂಡು ಕತ್ತಲಲ್ಲಿರುತ್ತದೆ, ಬಲಗಣ್ಣಿಗೆ ಮಾತ್ರ ಚಿಪ್ಪಿನ ಮೂಲಕ ಸೋಸಿ ಬಂದ ಬೆಳಕು ತಾಗುತ್ತದೆ. ಇದರ ಪರಿಣಾಮ ಹುಟ್ಟಿದ ಮೇಲೂ ಉಳಿಯುತ್ತದೆ ಎಂದು ಆಸ್ಟ್ರೇಲಿಯಾದ ಲೆಸ್ಲಿ ರೋಜರ್ಸ್ ತೋರಿಸಿಕೊಟ್ಟರು. ಬೆಳಕು ಕಂಡ ಮೊಟ್ಟೆಯ ಮರಿ ಕಲ್ಲುಹರಳುಗಳ ನಡುವೆ ಕಾಳು ಹುಡುಕಲು ಬಲಗಣ್ಣನ್ನು ನೆಚ್ಚುತ್ತದೆ, ಹದ್ದು ಗಿಡುಗದ ಮೇಲೆ ನಿಗಾ ಇಡಲು ಎಡಗಣ್ಣನ್ನು. ಪೂರ್ತಿ ಕತ್ತಲಲ್ಲಿಟ್ಟ ಮೊಟ್ಟೆಯ ಮರಿಗೆ ಎರಡೂ ಕೆಲಸ ಒಟ್ಟಿಗೆ ಮಾಡುವುದು ಕಷ್ಟ. ಹೇಂಟೆ ಆಗಾಗ ಮೇವಿಗೆ ಎದ್ದುಹೋಗುತ್ತದಲ್ಲ, ಆಗ ಮೊಟ್ಟೆಗಳಿಗೆ ಬೆಳಕು ತಾಗುತ್ತದೆ.

ಹತ್ತೊಂಬತ್ತು-ಇಪ್ಪತ್ತನೇ ದಿನ ಉಳಿದ ಹಳದಿ ಚೀಲವನ್ನು ಮರಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಬುತ್ತಿ ಕಟ್ಟಿಕೊಂಡಂತೆಯೇ ಆಯಿತು. ಹುಟ್ಟಿದ ಮೇಲೆ ಎರಡು ಮೂರು ದಿನ ಏನೂ ತಿನ್ನದೆ ಇರಬಲ್ಲದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸಲಾಗುವುದು ಇದರಿಂದಲೇ. ಆಮೇಲೆ ಮರಿ ಒಳಪೊರೆಯನ್ನು ಕೊಕ್ಕಿನಿಂದ ತಿವಿದು, ಆಗ ನೆನಪಿಡಿ ಎಂದೆನಲ್ಲ, ಆ ಗಾಳಿಯ ಜಾಗಕ್ಕೆ ಮೂಗು ಹಾಕುತ್ತದೆ. ಶ್ವಾಸಕೋಶ ಮೊದಲ ಸಲ ಅರಳುತ್ತದೆ. ಉಸಿರು ಬಂದ ಮೇಲೆ ದನಿಯೂ ಬಂತು. ಚಿಪ್ಪಿನೊಳಗಿಂದಲೇ ಚಿಂವ್ ಚಿಂವ್ ಎನ್ನುತ್ತದೆ, ಹೊರಗೆ ತಾಯಿ ಕ್ಲಕ್ ಕ್ಲಕ್ ಎಂದು ಉತ್ತರ ಕೊಡುತ್ತದೆ.

ಕೊಕ್ಕಿನ ತುದಿಯಲ್ಲಿ ಚೂಪಾದ ಸಣ್ಣ ಮೊನೆಯೊಂದಿರುತ್ತದೆ, ಚಿಪ್ಪು ಒಡೆಯುವುದಕ್ಕೆಂದೇ ಬಂದದ್ದು. ಹುಟ್ಟಿದ ಕೆಲವು ದಿನಕ್ಕೆ ಉದುರಿಹೋಗುತ್ತದೆ. ಕತ್ತಿನ ಹಿಂಭಾಗದ ದಪ್ಪ ಸ್ನಾಯು ಸೆಳೆದಾಗ ಆ ಮೊನೆ ಚಿಪ್ಪಿಗೆ ಬಡಿಯುತ್ತದೆ. ಮೊದಲು ನಕ್ಷತ್ರದಂಥ ಒಂದು ಬಿರುಕು. ಆಮೇಲೆ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಕಡೆಗೆ ಒಳಗೇ ಸುತ್ತ ತಿರುಗುತ್ತಾ ಚಿಪ್ಪನ್ನು ಬಿರುಕುಬಿಡಿಸಿ, ಕಾಲಿನಿಂದ ಒತ್ತಿ, ಮುಚ್ಚಳ ತಳ್ಳಿ ಹೊರಗೆ ಬೀಳುತ್ತದೆ. ಒದ್ದೆಮುದ್ದೆ. ಚೆಂದವೇನೂ ಇರುವುದಿಲ್ಲ. ಕೆಲವು ಗಂಟೆ ಕಳೆದು ಮೈ ಒಣಗಿದ ಮೇಲೆ ನೋಡಬೇಕು.

ನಿಮ್ಮ ಮನೆಯಲ್ಲೋ ಅಜ್ಜಿಯ ಊರಲ್ಲೋ ಕೋಳಿ ಕಾವಿಗೆ ಕೂತಿದ್ದರೆ ಒಳಗಿನದನ್ನು ಒಡೆಯದೆಯೇ ನೋಡಬಹುದು. ಏಳನೇ ದಿನದ ರಾತ್ರಿ ದೊಡ್ಡವರ ಜೊತೆ ಹೋಗಿ, ಕತ್ತಲಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ, ಮೊಟ್ಟೆಯ ಅಗಲ ತುದಿಯನ್ನು ಅದರ ಮೇಲೆ ಇಡಿ. ಕೆಂಪು ರಕ್ತನಾಳಗಳು ಹಬ್ಬಿರುವುದು, ನಡುವೆ ಕಪ್ಪು ಕಣ್ಣಿನ ಚುಕ್ಕೆ ಅಲುಗುವುದು ಕಾಣುತ್ತದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಅದು ಮರಿಯಾಗದ ಮೊಟ್ಟೆ. ಅಲ್ಲಾಡಿಸಬೇಡಿ, ಬೇಗ ನೋಡಿ ತಾಯಿಗೆ ಹಿಂದಿರುಗಿಸಿ. ಹದಿನೆಂಟನೇ ದಿನ ಕಳೆದ ಮೇಲೆ ಮುಟ್ಟಲೇಬೇಡಿ. ಮರಿ ಬಿರುಕು ಬಿಟ್ಟು ಗಂಟೆಗಟ್ಟಲೆ ಸುಮ್ಮನಿದ್ದರೆ, ಪಾಪ ಎಂದು ಚಿಪ್ಪು ಸುಲಿಯಲು ಹೋಗಬೇಡಿ. ಚಿಪ್ಪಿನ ಒಳಗೋಡೆಯ ನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ಅದು ಮರಿಯ ಮೈಗೆ ವಾಪಸಾಗಲು ಹೊತ್ತು ಬೇಕು. ನಡುವೆ ಸುಲಿದರೆ ರಕ್ತ ಸುರಿದು ಮರಿ ಸಾಯುತ್ತದೆ.